ಓದುಗರ ಪ್ರಶ್ನೆ: ನನ್ನ ಪೋರ್ಟರ್ ಯಾಕೆ ಒಗರಾಯ್ತು, ಮತ್ತೆ ಕಾಫಿ ಬೀಜ ಯಾವಾಗ ಹಾಕ್ಲಿ?

ಹೋದ ಸಲ ಈ ಅಂಕಣದಲ್ಲಿ ರೋಬಸ್ಟ್ ಪೋರ್ಟರ್ ಅನ್ನೋ ಕಪ್ಪು ಬಿಯರ್ ಹೆಸರು ಬಾಯ್ತಪ್ಪಿ ಹೇಳ್ದೆ ನೋಡಿ, ಈ ಸಲ ಬಂದಿರೋ ಪ್ರಶ್ನೆಗಳೆಲ್ಲ ಅದ್ರದ್ದೇ. ಅರ್ಧ ಜನ "ಏನೇನ್ ಹಾಕ್ಬಹುದು" ಅಂತ ಕೇಳಿದೀರ, ಇನ್ನರ್ಧ ಜನ "ಹಾಕ್ಬಿಟ್ಟೆ, ಈಗೇನ್ ಮಾಡ್ಲಿ" ಅಂತ. ಶುರು ಮಾಡೋಕೆ ಮುಂಚೆ ನೀವಿರೋ ಕಡೆ ಮನೇಲಿ ಬಿಯರ್ ಮಾಡೋಕೆ ಕಾನೂನು ಬಿಡತ್ತಾ ಅಂತ ನೋಡ್ಕೊಳ್ಳಿ, ಅದನ್ನ ನನ್ನ ಕೇಳ್ಬೇಡಿ, ಒಂದೊಂದು ಕಡೆ ಒಂದೊಂದು ಥರ ಇರತ್ತೆ.

ಪ್ರಶ್ನೆ: ರೋಬಸ್ಟ್ ಪೋರ್ಟರ್‌ಗೂ ಸ್ಟೌಟ್‌ಗೂ ಏನ್ ಸಾರ್ ವ್ಯತ್ಯಾಸ? ಎರಡೂ ಕಪ್ಪಗೇ ಇರತ್ತಲ್ಲ.

ಹೌದು, ಎರಡೂ ಕಪ್ಪಗೇ ಇರತ್ತೆ, ಯಾಕಂದ್ರೆ ಎರಡೂ ಒಂದೇ ಮನೆಯವು. 18ನೇ ಶತಮಾನದ ಲಂಡನ್‌ನಲ್ಲಿ ಮೂಟೆ ಹೊರೋ ಪೋರ್ಟರ್‌ಗಳು ಇಷ್ಟಪಟ್ಟು ಕುಡೀತಿದ್ದ ಬಿಯರ್‌ಗೆ ಅವರ ಹೆಸರೇ ಅಂಟ್ಕೊಳ್ತು, ಅದ್ರಲ್ಲೇ ಗಟ್ಟಿಯಾಗಿದ್ದನ್ನ ಸ್ಟೌಟ್ ಪೋರ್ಟರ್ ಅಂತಿದ್ರು, ಆಮೇಲೆ ಪೋರ್ಟರ್ ಉದುರಿಹೋಗಿ ಬರೀ ಸ್ಟೌಟ್ ಉಳೀತು. ಮೊದಮೊದಲು ಅದು ಬ್ರೌನ್ ಮಾಲ್ಟ್‌ನಲ್ಲಿ ಆಗ್ತಿತ್ತು (ಮಾಲ್ಟ್ ಅಂದ್ರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ). 1817ರಲ್ಲಿ ಡೇನಿಯಲ್ ವೀಲರ್ ಅನ್ನೋನು ಮಾಲ್ಟ್ ಹುರಿಯೋ ತಿರುಗೋ ಡ್ರಮ್‌ಗೆ ಪೇಟೆಂಟ್ ತಗೊಂಡ ಮೇಲೆ ಕಥೆಯೇ ಬದಲಾಯ್ತು, ಒಂದು ಹಿಡಿ ಕರಿ ಮಾಲ್ಟ್ ಹಾಕಿದ್ರೆ ಬಣ್ಣ ಬರತ್ತೆ, ಉಳಿದಿದ್ದೆಲ್ಲ ಸಕ್ಕರೆ ಜಾಸ್ತಿ ಕೊಡೋ ಪೇಲ್ ಮಾಲ್ಟ್. ಈಗ್ಲೂ ಅದನ್ನ ಬ್ಲ್ಯಾಕ್ ಪೇಟೆಂಟ್ ಮಾಲ್ಟ್ ಅಂತಾರಲ್ಲ, ಆ ಪೇಟೆಂಟ್ ಇದೇ.

ರೋಬಸ್ಟ್ ಅನ್ನೋದು ಸ್ಪರ್ಧೆಯವರು ಇಟ್ಟ ಹೆಸರು. ಬಿಜೆಸಿಪಿ ಅಂತ ಅಮೆರಿಕದ ಬಿಯರ್ ಜಡ್ಜ್‌ಗಳ ಸಂಸ್ಥೆ ಇದೆ, ಅವರ 2008ರ ಪಟ್ಟಿ ಪ್ರಕಾರ ಶುರುವಿನ ಗ್ರಾವಿಟಿ (ಸಕ್ಕರೆ ಕರಗಿರೋ ದ್ರವದ ಸಾಂದ್ರತೆ, ಬರೀ ನೀರಿಗೆ 1.000) 1.048ರಿಂದ 1.065, ಕಹಿ 25ರಿಂದ 50 ಐಬಿಯು, ಆಲ್ಕೋಹಾಲ್ 4.8ರಿಂದ 6.5 ಪರ್ಸೆಂಟ್. 2015ರಲ್ಲಿ ಆ ಹೆಸರು ತೆಗೆದು ಹೆಚ್ಚುಕಮ್ಮಿ ಅದೇ ಬಿಯರ್ನ ಅಮೆರಿಕನ್ ಪೋರ್ಟರ್ ಅಂದ್ರು. ಮನೇಲಿ ಮಾಡೋರು ಹಳೇ ಹೆಸರು ಬಿಟ್ಟಿಲ್ಲ, ನಾನೂ ಬಿಟ್ಟಿಲ್ಲ. ನಾಲಿಗೆ ಲೆಕ್ಕದಲ್ಲಿ ಹೇಳೋದಾದ್ರೆ ಸ್ಟೌಟ್‌ಗೆ ಸಾಮಾನ್ಯವಾಗಿ ಮೊಳಕೆ ಬರಿಸದೇ ಹುರಿದ ಬಾರ್ಲಿ ಹಾಕ್ತಾರೆ, ಪೋರ್ಟರ್‌ಗೆ ಚಾಕಲೇಟ್ ಮಾಲ್ಟು (ಅದ್ರಲ್ಲಿ ಚಾಕಲೇಟ್ ಇರಲ್ಲ, ಬಣ್ಣಕ್ಕೆ ಬಂದ ಹೆಸರು) ಬ್ಲ್ಯಾಕ್ ಮಾಲ್ಟು. ಇದನ್ನೂ ಮೀರಿದ ಬಿಯರ್‌ಗಳು ಬೇಕಾದಷ್ಟಿವೆ, ಅದಕ್ಕೋಸ್ಕರ ಸ್ನೇಹಿತರ ಹತ್ರ ಜಗಳ ಆಡ್ಬೇಡಿ.

ಪ್ರಶ್ನೆ: 20 ಲೀಟರ್‌ಗೆ ಒಂದು ನಂಬಿಕಸ್ತ ರೆಸಿಪಿ ಕೊಡಿ. ಪೇಲ್ ಏಲ್ ಮೂರ್ನಾಲ್ಕು ಸಲ ಮಾಡಿದೀನಿ, ಕರಿ ಬಿಯರ್ ಇದೇ ಮೊದಲು.

ಪೇಲ್ ಮಾಲ್ಟ್ 4.2 ಕೆಜಿ, ಮ್ಯೂನಿಕ್ ಅರ್ಧ ಕೆಜಿ, ನಡುಬಣ್ಣದ ಕ್ರಿಸ್ಟಲ್ 400 ಗ್ರಾಂ, ಚಾಕಲೇಟ್ ಮಾಲ್ಟ್ 350 ಗ್ರಾಂ, ಬ್ಲ್ಯಾಕ್ ಪೇಟೆಂಟ್ 150 ಗ್ರಾಂ. ಬ್ಲ್ಯಾಕ್ ಪೇಟೆಂಟ್ 150 ಅಂದ್ರೆ 150, ಪ್ಯಾಕೆಟ್‌ನಲ್ಲಿ ಇನ್ನೂ 100 ಉಳ್ದಿದೆ ಅಂತ ಸುರಿಯೋದಲ್ಲ. 16 ಲೀಟರ್ ನೀರಲ್ಲಿ 67 ಡಿಗ್ರಿಗೆ ಒಂದು ಗಂಟೆ ಮ್ಯಾಶ್ ಮಾಡಿ (ಒಡೆದ ಮಾಲ್ಟ್ ನೆನೆಸಿ ಸಕ್ಕರೆ ಇಳಿಸೋದು), 15 ಲೀಟರ್ ಬಿಸಿನೀರಲ್ಲಿ ಕಾಳು ತೊಳ್ಕೊಳ್ಳಿ (ಇದಕ್ಕೇ ಸ್ಪಾರ್ಜ್ ಅನ್ನೋದು), 25 ಲೀಟರ್ ಚಿಲ್ಲರೆ ಸಿಗತ್ತೆ, ಒಂದು ಗಂಟೆ ಕುದಿಸಿ. ಕುದಿಯೋಕೆ ಶುರುವಾದ ತಕ್ಷಣ 12 ಪರ್ಸೆಂಟ್ ಆಲ್ಫಾ (ಕಹಿ ಕೊಡೋ ಆಮ್ಲ) ಇರೋ ಮ್ಯಾಗ್ನಮ್ ಹಾಪ್ಸ್ (ಬಿಯರ್‌ಗೆ ಹಾಕೋ ಕಹಿ ಹೂವು) 25 ಗ್ರಾಂ, ಮುಗಿಯೋಕೆ 10 ನಿಮಿಷ ಇದ್ದಾಗ ಈಸ್ಟ್ ಕೆಂಟ್ ಗೋಲ್ಡಿಂಗ್ಸ್ 25 ಗ್ರಾಂ. ಸುಮಾರು 1.059ರಲ್ಲಿ ಶುರುವಾಗಿ 1.015ರ ಹತ್ರ ನಿಲ್ಲತ್ತೆ, ಹತ್ತಿರತ್ತಿರ 5.8 ಪರ್ಸೆಂಟ್. ಯೀಸ್ಟ್‌ಗೆ ಯುಎಸ್-05 ಅಥವಾ ಎಸ್-04, 11.5 ಗ್ರಾಂ ಪ್ಯಾಕೆಟ್ ಒಂದು ಸಾಕು, 18ರಿಂದ 20 ಡಿಗ್ರಿ.

ಮ್ಯಾಶ್ ಮಾಡೋ ಪಾತ್ರೆ ಇಲ್ಲ ಅನ್ನೋರು ಪೇಲ್ ಮಾಲ್ಟ್ ಬದ್ಲು 2.8 ಕೆಜಿ ಲೈಟ್ ಒಣ ಮಾಲ್ಟ್ ಎಕ್ಸ್‌ಟ್ರಾಕ್ಟ್ (ಮಾಲ್ಟ್ ಸಕ್ಕರೆ ಪುಡಿ) ತಗೊಳ್ಳಿ, ಮ್ಯೂನಿಕ್ ಬಿಟ್ಬಿಡಿ (ಅದಕ್ಕೆ ಮ್ಯಾಶ್ ಬೇಕೇ ಬೇಕು), ಮಿಕ್ಕ ಮೂರು ಕಾಳನ್ನ ಬಟ್ಟೆ ಚೀಲದಲ್ಲಿ ಕಟ್ಟಿ 65-70 ಡಿಗ್ರಿ ನೀರಲ್ಲಿ ಅರ್ಧ ಗಂಟೆ ನೆನೆಸಿ ತೆಗೀರಿ. ಚೀಲ ಹಿಂಡೋಕೆ ಕೈ ತುರಿಸತ್ತೆ, ಲೈಟಾಗಿ ಒತ್ತಿದ್ರೆ ಏನಾಗಲ್ಲ, ಒಗೆದ ಬಟ್ಟೆ ಥರ ಹಿಂಡ್ಬೇಡಿ.

ಮೊದಲನೇ ಸಲ ಇದಕ್ಕೆ ಏನೂ ಸೇರಿಸ್ಬೇಡಿ. ಕಾಫಿ ಬೇಡ, ವೆನಿಲಾ ಬೇಡ. ಈ ಪಟ್ಟಿಯಲ್ಲೇ ಕಾಫಿ ಥರದ ಸುವಾಸನೆ, ಚಾಕಲೇಟ್, ಕ್ಯಾರಮೆಲ್, ಬ್ರೆಡ್ ಅಂಚು ಸೀದ ಘಮ ಎಲ್ಲ ಇದೆ. ಅದು ನಿಮಗೆ ಪರಿಚಯ ಆಗ್ಲಿ, ಇಲ್ಲಾಂದ್ರೆ ಮುಂದೆ ಏನ್ ಸೇರಿಸಿದ್ರೂ ಯಾವುದು ಮಾಲ್ಟಿಂದ ಬಂತು ಯಾವುದು ನೀವು ಹಾಕಿದ್ರಿಂದ ಬಂತು ಅಂತ ತಲೆಬುಡ ಗೊತ್ತಾಗಲ್ಲ.

ಪ್ರಶ್ನೆ: ನನ್ನ ಪೋರ್ಟರ್ ತುಂಬ ಕಹಿ. ಹಾಪ್ಸ್ 40 ಗ್ರಾಂನಿಂದ 20ಕ್ಕೆ ಇಳಿಸ್ದೆ, ಆದ್ರೂ ಕುಡಿದ ಮೇಲೆ ನಾಲಿಗೆ ಒಣಗಿ ಅಂಟ್ಕೊಳ್ಳತ್ತೆ. ಫಿಲ್ಟರ್ ನೀರೇ ಬಳಸೋದು, ಸ್ಪಾರ್ಜ್ ನೀರು ಚೆನ್ನಾಗಿ ಕುದಿಸೇ ಹಾಕ್ತೀನಿ.

ನಿಮ್ಮ ಬಿಯರ್ ಕಹಿ ಅಲ್ಲ ಸ್ವಾಮಿ, ಒಗರು. ನಮ್ಮ ಭಾಷೇಲಿ ಎರಡಕ್ಕೂ ಬೇರೆ ಬೇರೆ ಪದ ಇದೆ, ಬಳಸ್ಕೊಳ್ಳೋಣ. ಕಹಿ ಅನ್ನೋದು ರುಚಿ, ನಾಲಿಗೆ ಮೇಲೆ ನಿಂತು ಹೋಗತ್ತೆ. ಒಗರು ಅನ್ನೋದು ಮುಟ್ಟಿದ ಹಾಗೆ ಗೊತ್ತಾಗತ್ತೆ, ಕಾಯಿ ಸಿಪ್ಪೆ ಅಗಿದಾಗ ಕೆನ್ನೆ ಒಳಗಡೆ ಸುರುಟಿಕೊಳ್ಳತ್ತಲ್ಲ, ಅದು. ಹಾಪ್ಸ್ ಎಷ್ಟು ಕಮ್ಮಿ ಮಾಡಿದ್ರೂ ಒಗರು ಹೋಗಲ್ಲ, ಯಾಕಂದ್ರೆ ಅದು ಬರ್ತಿರೋದು ಕಾಳಿನ ಹೊಟ್ಟಿಂದ, ಟ್ಯಾನಿನ್.

ನೀವು ಬರೆದಿರೋದ್ರಲ್ಲೇ ಕಳ್ಳ ಸಿಕ್ಕಿದಾನೆ, "ಚೆನ್ನಾಗಿ ಕುದಿಸೇ ಹಾಕ್ತೀನಿ" ಅಂತ. ಸ್ಪಾರ್ಜ್ ನೀರು 76-77 ಡಿಗ್ರಿ ದಾಟಬಾರ್ದು. ಕೊನೆಕೊನೆಗೆ ಕಾಳಲ್ಲಿ ಸಕ್ಕರೆ ಮುಗಿದು ಬರೀ ನೀರು ಹರೀತಿರತ್ತೆ, ಆವಾಗ ಪಿಎಚ್ ಮೇಲಕ್ಕೆ ಹೋಗತ್ತೆ, 6ರ ಹತ್ರ ಬಂತು ಅಂದ್ರೆ ಆ ಬಿಸಿಗೆ ಹೊಟ್ಟು ತನ್ನ ಒಗರೆಲ್ಲ ಬಿಟ್ಕೊಡತ್ತೆ. ಹರಿದು ಬರೋ ವರ್ಟ್ (ಮಾಲ್ಟಿನ ಸಿಹಿ ನೀರು) 1.010ಕ್ಕೆ ಇಳೀತು ಅಂದ್ರೆ ನಲ್ಲಿ ನಿಲ್ಸಿ, ಲೀಟರ್ ಕಮ್ಮಿ ಬಿದ್ರೆ ಕುದಿಸೋ ಪಾತ್ರೆಗೇ ನೇರವಾಗಿ ನೀರು ಸೇರಿಸಿ. ಆ ಕೊನೆ ಎರಡು ಲೀಟರ್ ಜಿಪುಣತನಕ್ಕೆ ಇಡೀ ಬ್ಯಾಚ್ ತೆರಬೇಕಾಗತ್ತೆ.

ಎರಡನೇದು ಫಿಲ್ಟರ್ ನೀರು. ಆರ್‌ಒ ಮಷೀನ್ ನೀರಾದ್ರೆ ಅದ್ರಲ್ಲಿ ಖನಿಜ ಇರೋದೇ ಇಲ್ಲ ಅನ್ನೋ ಅಷ್ಟು. ಹುರಿದ ಮಾಲ್ಟ್ ಹುಳಿ ಸ್ವಭಾವದ್ದು, ಮ್ಯಾಶ್ ಪಿಎಚ್ ಕೆಳಗೆ ಎಳೆಯತ್ತೆ. ಲಂಡನ್ ನೀರಲ್ಲಿ ಬೈಕಾರ್ಬೊನೇಟ್ ಜಾಸ್ತಿ, ಅದು ಆ ಹುಳಿನ ಹಿಡಿದು ನಿಲ್ಸತ್ತೆ, ಪೋರ್ಟರ್ ಅಲ್ಲೇ ಬೆಳೆಯೋಕೆ ಅದೂ ಒಂದು ಕಾರಣ ಅಂತಾರೆ. ನಿಮ್ಮ ನೀರಲ್ಲಿ ಹಿಡಿಯೋರು ಯಾರೂ ಇಲ್ಲ, ಅದಕ್ಕೆ ಹುರಿದ ರುಚಿ ಬೂದಿ ಥರ ಚುಚ್ಚತ್ತೆ. ಮ್ಯಾಶ್ ಶುರುವಾಗಿ 10-15 ನಿಮಿಷಕ್ಕೆ ಒಂದು ಚಮಚ ತೆಗೆದು ಆರಿಸಿ ಪಿಎಚ್ ನೋಡಿ, ಕರಿ ಬಿಯರ್‌ಗೆ 5.4-5.5 ನನಗೆ ಹಿಡಿಸತ್ತೆ. ಅದಕ್ಕಿಂತ ಕೆಳಗಿದ್ರೆ ಅಡಿಗೆ ಸೋಡ ಒಂದೊಂದೇ ಗ್ರಾಂ ಹಾಕಿ ಕಲೆಸಿ ಮತ್ತೆ ಅಳೀರಿ. ಮೀಟರ್ ಇಲ್ವಾ, ಇನ್ನೂ ಸುಲಭದ ದಾರಿ ಇದೆ: ಚಾಕಲೇಟು ಬ್ಲ್ಯಾಕು ಎರಡನ್ನೂ ಮೊದಲೇ ಹಾಕ್ಬೇಡಿ, ಮ್ಯಾಶ್‌ನ ಕೊನೆ 10-15 ನಿಮಿಷ ಇದ್ದಾಗ ಮೇಲೆ ಉದುರಿಸಿ. ಬಣ್ಣ ಬಂದೇ ಬರತ್ತೆ.

ಇನ್ನೂ ನುಣುಪು ಬೇಕು ಅಂದ್ರೆ ಹುರಿದ ಮಾಲ್ಟ್‌ನ ಹಿಂದಿನ ರಾತ್ರಿ ಎರಡು ಲೀಟರ್ ತಣ್ಣೀರಲ್ಲಿ ನೆನೆ ಹಾಕಿ, ಬೆಳಿಗ್ಗೆ ಸೋಸಿ, ಆ ಕರಿ ನೀರನ್ನ ಕುದಿಯೋ ಕೊನೆ 10 ನಿಮಿಷದಲ್ಲಿ ಸೇರಿಸಿ. ತಣ್ಣೀರಲ್ಲಿ ಬಣ್ಣ ರುಚಿ ಸ್ವಲ್ಪ ಕಮ್ಮಿ ಇಳಿಯತ್ತೆ, ಹಾಗಾಗಿ ಮಾಲ್ಟ್ ಸ್ವಲ್ಪ ಜಾಸ್ತಿ ತಗೊಳ್ಳಿ. ಇಲ್ಲಾಂದ್ರೆ ವೈಯರ್ಮನ್‌ನವರ ಕರಾಫಾ ಸ್ಪೆಷಲ್ ಅಂತ ಹೊಟ್ಟು ತೆಗೆದು ಹುರಿದ ಮಾಲ್ಟ್ ಬರತ್ತೆ, ಬ್ಲ್ಯಾಕ್ ಪೇಟೆಂಟ್ ಜಾಗಕ್ಕೆ ಅದನ್ನ ಹಾಕಿ. ಆದ್ರೆ ಪೂರ್ತಿ ನುಣುಪಾದ್ರೆ ಅದನ್ನ ರೋಬಸ್ಟ್ ಅಂತ ಯಾಕ್ ಕರೀಬೇಕು ಅನ್ನೋದು ನನ್ನ ತಕರಾರು, ಸ್ವಲ್ಪ ಸುಟ್ಟ ಅಂಚು ಇರ್ಲಿ. ಹಾಪ್ಸ್ ವಾಪಸ್ ಹಾಕಿ, ಪಾಪ ಅದ್ರದ್ದೇನೂ ತಪ್ಪಿಲ್ಲ.

ಪ್ರಶ್ನೆ: ಎರಡು ವಾರ ಆಯ್ತು, ರಿಫ್ರಾಕ್ಟೋಮೀಟರ್ 1.030 ತೋರಿಸ್ತಾನೇ ಇದೆ. ಯೀಸ್ಟ್ ಸತ್ತೋಯ್ತಾ?

ಸತ್ತಿಲ್ಲ, ಕೆಲ್ಸ ಮುಗ್ಸಿ ಮಲಗಿದೆ ಅನ್ಸತ್ತೆ. ರಿಫ್ರಾಕ್ಟೋಮೀಟರ್ ಬೆಳಕು ಎಷ್ಟು ಬಾಗತ್ತೆ ಅಂತ ನೋಡಿ ಸಕ್ಕರೆ ಅಳೆಯತ್ತೆ, ಆಲ್ಕೋಹಾಲ್ ಸೇರಿದ ಮೇಲೆ ಅದು ಸುಳ್ಳು ಹೇಳತ್ತೆ, ಬೆಳಕು ಬಾಗೋ ರೀತಿನೇ ಬದಲಾಗತ್ತಲ್ಲ. 1.059ರಲ್ಲಿ ಶುರುವಾಗಿ 1.015ಕ್ಕೆ ಬಂದಿರೋ ಬಿಯರ್ ಅದ್ರಲ್ಲಿ 1.030ರ ಆಸುಪಾಸು ಕಾಣತ್ತೆ. ಹೈಡ್ರೋಮೀಟರ್ (ಬಿಯರ್‌ನಲ್ಲಿ ತೇಲಿಸಿ ಗ್ರಾವಿಟಿ ನೋಡೋ ಗಾಜಿನ ಕೊಳವೆ) ಇಳಿಬಿಟ್ಟು ನೋಡಿ. ನನಗೂ ಒಂದ್ಸಲ ಹೀಗೇ ಆಗಿ ಇನ್ನೊಂದು ಪ್ಯಾಕೆಟ್ ಯೀಸ್ಟ್ ಸುರಿದು ಒಂದು ವಾರ ಬಕೆಟ್ ಮುಂದೆ ಕೂತಿದ್ದೆ, ಮನೇಲಿ ಇವತ್ತಿಗೂ ಆಡ್ಕೊಳ್ತಾರೆ.

ಪ್ರಶ್ನೆ: ಕಾಫಿ, ವೆನಿಲಾ, ಕೋಕೋ ನಿಬ್ಸ್ (ಕೋಕೋ ಬೀಜದ ಚೂರು), ಚಕ್ಕೆ, ಸ್ವಲ್ಪ ಮೆಣಸಿನಕಾಯಿ, ಇಷ್ಟೂ ತಂದಿಟ್ಟಿದೀನಿ. ಯಾವ್ಯಾವಾಗ ಎಷ್ಟೆಷ್ಟು ಹಾಕ್ಲಿ?

ಇಷ್ಟೂ ಒಂದೇ ಬಕೆಟ್‌ಗಾ? ನಾನು ಹಾಕಿದೀನಿ, ನಿಮ್ಮ ಪಟ್ಟಿನೇ, ಅದ್ರ ಮೇಲೆ ನಾಲ್ಕು ಚಕ್ಕೆ ಕಡ್ಡಿ ಧಾರಾಳವಾಗಿ. ಬಂದಿದ್ದು ಕಷಾಯ. ಅದಲ್ಲ ಬೇಜಾರು, ಕೆಟ್ಟಿದ್ದು ಯಾವುದ್ರಿಂದ ಅಂತ ಹೇಳೋಕೆ ಆಗ್ಲಿಲ್ಲ ನೋಡಿ, ಅದು ಬೇಜಾರು. ಐದು ಜನ ಒಟ್ಟಿಗೆ ಮಾತಾಡಿದ್ರೆ ಯಾರ್ ಬೈದ್ರು ಅಂತ ಗೊತ್ತಾಗಲ್ವಲ್ಲ ಹಾಗೆ. ಚಕ್ಕೆ ಇರ್ಬೇಕು ಅಂತ ಗುಮಾನಿ, ಮರದ ತೊಗಟೆ ನೆಕ್ಕಿದ ಹಾಗಿತ್ತು, ಆದ್ರೆ ಸಾಕ್ಷಿ ಇಲ್ಲ.

ಅವತ್ತಿಂದ ನಾನು ಮಾಡೋದು ಇಷ್ಟು. 20 ಲೀಟರ್ ಸಾದಾ ಪೋರ್ಟರ್ ಮಾಡ್ತೀನಿ, ಯೀಸ್ಟ್ ಕೆಲ್ಸ ಪೂರ್ತಿ ಮುಗಿಯೋವರ್ಗೂ ಮುಟ್ಟಲ್ಲ. ಆಮೇಲೆ ಐದೈದು ಲೀಟರ್‌ನ ನಾಲ್ಕು ಜಾರ್‌ಗೆ ಹಂಚಿ, ಒಂದು ಹಾಗೇ ಸಾದಾ, ಉಳಿದ ಮೂರಕ್ಕೆ ಒಂದೊಂದು ಪದಾರ್ಥ. ಜಾರ್ ಕುತ್ತಿಗೆವರ್ಗೂ ತುಂಬಿರ್ಬೇಕು, ಟ್ಯೂಬ್ ತಳಕ್ಕೆ ಮುಟ್ಟಿಸಿ ಸದ್ದಿಲ್ಲದೆ ತುಂಬಿಸ್ಬೇಕು, ಗಾಳಿ ಸೇರಿದ್ರೆ ಒದ್ದೆ ರಟ್ಟಿನ ವಾಸನೆ ಬರತ್ತೆ. ಸಾದಾ ಜಾರ್ ಯಾಕೆ ಅಂತ ಕೇಳ್ಬೇಡಿ, ಅದಿಲ್ದಿದ್ರೆ ಹೋಲಿಸೋಕೆ ಏನಿರತ್ತೆ?

ಜಾರ್ ಇಲ್ಲ ಅಂದ್ರೆ ಲೋಟದಲ್ಲೇ ಪ್ರಯೋಗ ಮಾಡ್ಬಹುದು. ಪದಾರ್ಥನ ವೋಡ್ಕಾದಲ್ಲಿ ಒಂದು ವಾರ ನೆನೆಸಿ ಅರ್ಕ ಮಾಡ್ಕೊಳ್ಳಿ, ಅಳತೆ ಮಾಡಿ 100 ಮಿಲಿ ಬಿಯರ್ ತಗೊಂಡು ಸೂಜಿ ಇಲ್ಲದ ಸಿರಿಂಜ್‌ನಲ್ಲಿ 0.1 ಮಿಲಿ ಹಾಕಿ ಕುಡೀರಿ, ಇನ್ನೊಂದು ಲೋಟಕ್ಕೆ 0.3, ಇನ್ನೊಂದಕ್ಕೆ 0.5. ಅರ್ಧ ಮಿಲಿ ಇಷ್ಟ ಆಯ್ತು ಅಂದ್ರೆ 20 ಲೀಟರ್‌ಗೆ 100 ಮಿಲಿ, ಲೆಕ್ಕ ಸಲೀಸು. ನಾನು ಆಗಿದ್ದಕ್ಕಿಂತ ಸ್ವಲ್ಪ ಕಮ್ಮಿನೇ ಸುರೀತೀನಿ, ಒಂದು ಗುಟುಕಿಗೆ ಚೆನ್ನಾಗಿದ್ದಿದ್ದು ಪೂರ್ತಿ ಗ್ಲಾಸ್‌ಗೆ ಬೋರ್ ಹೊಡ್ಸತ್ತೆ.

ಈಗ ಒಂದೊಂದಾಗಿ, ಅಳತೆಯೆಲ್ಲ 20 ಲೀಟರ್‌ಗೆ. ಕಾಫಿನ ಕುದಿಸ್ಬೇಡಿ, ಪುಡಿನೂ ಮಾಡ್ಬೇಡಿ. ಹೊಸದಾಗಿ ಹುರಿದ ಬೀಜ ಲೈಟಾಗಿ ಜಜ್ಜಿ, 20 ಲೀಟರ್‌ಗೆ 60 ಗ್ರಾಂನಿಂದ ಶುರು ಮಾಡಿ, ಕುದಿಸಿ ತೊಳೆದ ಬಟ್ಟೆ ಚೀಲದಲ್ಲಿ ಕಟ್ಟಿ ಇಳಿಬಿಡಿ, 24 ಗಂಟೆಗೆ ರುಚಿ ನೋಡಿ, 48 ಆದ್ರೆ ಹೊರಗೆ. ಜಾಸ್ತಿ ಹೊತ್ತು ಬಿಟ್ರೆ ಹಸಿ ದಪ್ಪ ಮೆಣಸಿನಕಾಯಿ ಥರ ಒಂದು ವಾಸನೆ ಬರತ್ತೆ, ಒಮ್ಮೆ ಮೂಗಿಗೆ ಬಿತ್ತು ಅಂದ್ರೆ ಅದೊಂದೇ ಕಾಣೋದು. ಬ್ಲ್ಯಾಕ್ ಪೇಟೆಂಟ್ ಇರೋ ಬಿಯರ್‌ಗೆ ತೀರ ಡಾರ್ಕ್ ರೋಸ್ಟ್ ಕಾಫಿ ಹಾಕಿದ್ರೆ ಸುಟ್ಟಿದ್ರ ಮೇಲೆ ಸುಟ್ಟಿದ್ದಾಗತ್ತೆ, ನಡುಹದ ರೋಸ್ಟ್ ತಗೊಳ್ಳಿ, ಹಣ್ಣಿನ ಘಮ ಉಳಿಯತ್ತೆ. ಕಾಫಿ ಹಾಕೋ ಯೋಚನೆ ಮೊದಲೇ ಇದ್ರೆ ರೆಸಿಪಿಯಲ್ಲಿ ಬ್ಲ್ಯಾಕ್ ಮಾಲ್ಟ್ ಅರ್ಧಕ್ಕೆ ಇಳಿಸಿ, ಇದನ್ನ ಯಾರೂ ಹೇಳಲ್ಲ, ಎಲ್ರೂ ಸೇರಿಸೋದೇ ಹೇಳ್ತಾರೆ.

ಕೋಕೋ ನಿಬ್ಸ್ ಹುರಿದಿದ್ದು 120 ಗ್ರಾಂ, ಮುಳುಗೋವಷ್ಟು ವೋಡ್ಕಾದಲ್ಲಿ ಮೂರ್ನಾಲ್ಕು ದಿನ ನೆನೆಸಿ ಕಾಳು ಸಮೇತ ಹಾಕಿ, ಐದಾರು ದಿನ ಸಾಕು. ಚಾಕಲೇಟ್ ಬಾರ್ ಕರಗಿಸಿ ಹಾಕೋ ಐಡಿಯಾ ಬರತ್ತೆ, ಬೇಡ, ಅದ್ರ ಕೊಬ್ಬು ನೊರೆನ ತಿಂದ್ಹಾಕತ್ತೆ. ವೆನಿಲಾ ಕಾಯಿ ಎರಡು, ಉದ್ದಕ್ಕೆ ಸೀಳಿ ಕೆರೆದು ಅದೇ ರೀತಿ ನೆನೆಸಿ. ವೆನಿಲಾ ಒಂಚೂರು ಮೋಸಗಾರ, ಹಾಕಿದ ದಿನ ಕಮ್ಮಿ ಅನ್ಸತ್ತೆ, ನಾಲ್ಕು ದಿನ ಬಿಟ್ಟು ಬಂದ್ರೆ ಐಸ್‌ಕ್ರೀಮ್, ಅದಕ್ಕೆ ಕಾಯಿರಿ. ಚಕ್ಕೆ ಅರ್ಧ ಕಡ್ಡಿ, ಎರಡು ದಿನ, ನನ್ನ ಮಾತು ಕೇಳಿ. ಮೆಣಸಿನಕಾಯಿನ ಯಾವತ್ತೂ ನೇರ ಹಾಕ್ಬೇಡಿ, ಅರ್ಕ ಮಾಡಿ ಹನಿಹನಿಯಾಗಿ, ಖಾರ ಗಂಟಲಲ್ಲಿ ಸೇರ್ತಾ ಹೋಗತ್ತೆ, ಮೊದಲ ಗುಟುಕಲ್ಲಿ ಗೊತ್ತಾಗಲ್ಲ, ಮೂರನೇದ್ರಲ್ಲಿ ಗೊತ್ತಾಗತ್ತೆ.

ಪ್ರಶ್ನೆ: ಹೊಗೆ ಹಾಕಿದ ಮಾಲ್ಟ್ ಸಿಕ್ಕಿದೆ, ಒಂದು ಕೆಜಿ. ಪೂರ್ತಿ ಹಾಕ್ಬಹುದಾ?

ಯಾವ ಹೊಗೆ ಅಂತ ಪ್ಯಾಕೆಟ್ ಮೇಲೆ ಓದಿ. ಬೀಚ್ ಮರದ ಹೊಗೆ ಮಾಲ್ಟ್ ಆದ್ರೆ ಒಂದು ಕೆಜಿ ಪೇಲ್ ಮಾಲ್ಟ್ ತೆಗೆದು ಅದನ್ನ ಹಾಕಿ, ಚೆನ್ನಾಗೇ ಇರತ್ತೆ. ಪೀಟ್ (ಉರಿಸೋ ಜವುಗು ಮಣ್ಣು) ಹೊಗೆದಾದ್ರೆ 100 ಗ್ರಾಂ ಮೇಲೆ ಹೋಗ್ಬೇಡಿ, ಬ್ಯಾಂಡೇಜ್ ಬಿಚ್ಚಿದ ಹಾಗೆ ಘಮ್ಮನ್ನತ್ತೆ. ಅಂದಹಾಗೆ ಹೊಗೆ ಮಾಲ್ಟ್ ಹಾಕ್ದೇನೇ ಆ ಆಸ್ಪತ್ರೆ ವಾಸನೆ ಬಂತು ಅಂತ ಇನ್ನೊಬ್ರು ಬರೆದಿದಾರೆ, ಅದು ನಲ್ಲಿ ನೀರಿನ ಕ್ಲೋರಿನ್ ಕೆಲ್ಸ. ಬಿಯರ್ ಮಾಡೋಕೆ ಮುಂಚೆ 20 ಲೀಟರ್ ನೀರಿಗೆ ಅರ್ಧ ಕ್ಯಾಂಪ್ಡೆನ್ ಮಾತ್ರೆ (ಸಲ್ಫೈಟ್ ಮಾತ್ರೆ) ಪುಡಿ ಮಾಡಿ ಕಲೆಸಿ, ಕೆಲವೇ ನಿಮಿಷದಲ್ಲಿ ಕ್ಲೋರಿನ್ ಹೋಗತ್ತೆ.

ಪ್ರಶ್ನೆ: ರೂಮ್ ಟೆಂಪರೇಚರ್ 28-30 ಇರತ್ತೆ, ಫ್ರಿಜ್‌ಗೆ ಜಾಗ ಇಲ್ಲ. ಪೋರ್ಟರ್ ಕನಸು ಬಿಡ್ಬೇಕಾ?

ಬಿಡ್ಬೇಡಿ, ಆದ್ರೆ ಯುಎಸ್-05 ಆ ಬಿಸಿಗೆ ಹಾಕ್ಬೇಡಿ. ಮೊದಲ ಎರಡು ಮೂರು ದಿನ ಯೀಸ್ಟ್ ತನ್ನ ಬಿಸಿನೂ ಸೇರಿಸತ್ತೆ, ಒಳಗಡೆ ರೂಮ್‌ಗಿಂತ ನಾಲ್ಕೈದು ಡಿಗ್ರಿ ಜಾಸ್ತಿನೇ ಆಗ್ಬಹುದು, ಆಮೇಲೆ ತಿನ್ನರ್ ಥರ ವಾಸನೆ. ದೊಡ್ಡ ಟಬ್‌ನಲ್ಲಿ ನೀರು ತುಂಬಿ ಬಕೆಟ್ ಕೂರಿಸಿ, ಒದ್ದೆ ಬಟ್ಟೆ ಸುತ್ತಿ ಫ್ಯಾನ್ ಹಾಕಿ, ಬೆಳಿಗ್ಗೆ ಸಂಜೆ ಐಸ್ ಗಟ್ಟಿಸಿದ ಬಾಟ್ಲಿ ಟಬ್‌ಗೆ ಬಿಡಿ. ಆ ಮೊದಲ ಮೂರು ದಿನ ತಣ್ಣಗೆ ಇಟ್ರೆ ಸಾಕು. ಇಷ್ಟೂ ಆಗಲ್ಲ ಅಂದ್ರೆ ನಾರ್ವೆಯ ವೋಸ್ ಕ್ವೈಕ್ ಯೀಸ್ಟ್ ತಗೊಳ್ಳಿ, ಅದು 35-40 ಡಿಗ್ರಿಗೇ ಖುಷಿಯಾಗಿರತ್ತೆ, ನಿಮ್ಮ ರೂಮ್ ಅದಕ್ಕೆ ಚಳಿ. ಕಿತ್ತಳೆ ಸಿಪ್ಪೆ ಘಮ ಬರತ್ತೆ, ಕೋಕೋ ನಿಬ್ಸ್ ಜೊತೆ ಅದು ಕೂರೋ ರೀತಿ ನನಗಂತೂ ಇಷ್ಟ.

ಪ್ರಶ್ನೆ: ಎರಡು ಬಾಟ್ಲಿ ಒಡೀತು. ಸಕ್ಕರೆ ಎಷ್ಟು ಹಾಕ್ಬೇಕಿತ್ತು?

20 ಲೀಟರ್‌ಗೆ 105 ಗ್ರಾಂ, ಒಂದು ಲೋಟ ನೀರಲ್ಲಿ ಕುದಿಸಿ ಆರಿಸಿ ಪೂರ್ತಿ ಬಿಯರ್‌ಗೆ ಕಲೆಸ್ಬೇಕು, ಬಾಟ್ಲಿಗೆ ಚಮಚದಲ್ಲಿ ಅಂದಾಜಿಗೆ ಅಲ್ಲ. ಹೈಡ್ರೋಮೀಟರ್ ಮೂರು ದಿನ ಒಂದೇ ನಂಬರ್ ತೋರಿಸಿದ ಮೇಲೇ ಬಾಟ್ಲಿ ಮಾಡಿ. ಉಳಿದಿರೋ ಬಾಟ್ಲಿಗಳ ಹತ್ರ ಹೋಗೋವಾಗ ಕನ್ನಡಕ, ದಪ್ಪ ಗ್ಲೌಸ್ ಹಾಕ್ಕೊಳ್ಳಿ, ಮೇಲೆ ದಪ್ಪ ಟವೆಲ್ ಹೊದಿಸಿ ಇವತ್ತೇ ತಣ್ಣಗೆ ಮಾಡಿ, ತಣ್ಣಗಾದ ಮೇಲೆ ಒಂದೊಂದಾಗಿ ಗಾಳಿ ಬಿಡಿ. ಈ ಪುಟ ಆಮೇಲೆ ಓದಿ.

ಪ್ರಶ್ನೆ: ಕುದಿಸಿ ಉಳಿದ ಹಾಪ್ಸ್ ಗಿಡಕ್ಕೆ ಹಾಕ್ಬಹುದಾ?

ಮನೇಲಿ ನಾಯಿ ಇದ್ರೆ ಬೇಡವೇ ಬೇಡ. ಹಾಪ್ಸ್ ತಿಂದ್ರೆ ನಾಯಿಗೆ ಮೈ ಬಿಸಿ ಏರಿ ಪ್ರಾಣಕ್ಕೇ ಬರ್ಬಹುದು. ಕೋಕೋ ನಿಬ್ಸ್ ಕೂಡ ಅವಕ್ಕೆ ವಿಷ.

ಪ್ರಶ್ನೆ: ವೆನಿಲಾ ಜಾಸ್ತಿ ಆಗ್ಬಿಟ್ಟಿದೆ, 20 ಲೀಟರ್ ಚೆಲ್ಲೋಕೆ ಮನಸ್ಸಿಲ್ಲ.

ಚೆಲ್ಲೋದ್ಯಾಕೆ, ಬಾಟ್ಲಿ ಮಾಡಿ ಕತ್ತಲಲ್ಲಿ ಎರಡು ಮೂರು ತಿಂಗಳು ಮರೆತುಬಿಡಿ, ವೆನಿಲಾ ಕಾಲ ಕಳೆದ ಹಾಗೆ ತಗ್ಗತ್ತೆ. ಅಷ್ಟರಲ್ಲಿ ಸಾದಾ ಪೋರ್ಟರ್ ಇನ್ನೊಂದು ಬ್ಯಾಚ್ ಹಾಕಿ. ಕುಡಿಯೋವಾಗ ಗ್ಲಾಸ್‌ನಲ್ಲೇ ಅರ್ಧ ಇದು ಅರ್ಧ ಅದು ಬೆರೆಸಿ ನೋಡಿ, ಯಾವ ಅಳತೆಗೆ ಸರಿಹೋಯ್ತು ಅಂತ ಬರೆದಿಟ್ಕೊಳ್ಳಿ, ಮುಂದಿನ ಸಲ ಎರಡು ಕಾಯಿ ಬದ್ಲು ಎಷ್ಟು ಹಾಕ್ಬೇಕು ಅನ್ನೋದು ಆ ಅಳತೆಯಿಂದಲೇ ಬರತ್ತೆ.